ಕಾರಿನ ಫಾರ್ವರ್ಡ್, ಕುಂದಾದ ಜಗಳ

ನಮ್ಮ ಮನೆತನದ ಗುಂಪಿಗೆ ಶನಿವಾರ ರಾತ್ರಿ ದೊಡ್ಡ ಕಾಕಾ ಒಂದು ಸಂದೇಶ ದೂಡಿದರು: “11 ಡಾಲರ್ ಉಳಿಸಲು ಜನರನ್ನು ಸುಟ್ಟ ಕಾರು ಕಂಪನಿ! ಎಲ್ಲರಿಗೂ ಕಳುಹಿಸಿ.” ಗುರಿ ಯಾರೆಂಬುದು ಎಲ್ಲರಿಗೂ ಗೊತ್ತಿತ್ತು. ಕಾರು ಬುಕ್ ಮಾಡುವವನಿದ್ದದ್ದು ನನ್ನ ತಮ್ಮ.

ದೊಡ್ಡ ಕಾಕಾ: ತಮ್ಮಾ, ಮುಂಗಡ ಕೊಡುವ ಮುನ್ನ ಓದು. ಅಗ್ಗದ ಮಾಡೆಲ್ ಎಂದರೆ ಇದೇ ಗತಿ.

ತಮ್ಮ: ಕಾಕಾ, ಇದು ಅಮೆರಿಕದ ಫೋರ್ಡ್ ಪಿಂಟೊ. ನಾನು ಹುಟ್ಟುವ ಮೊದಲೇ ನಿಂತುಹೋದ ಕಾರು.

ಪುಣೆಯ ಅಕ್ಕ: ಮೂಲ ಎಲ್ಲಿದೆ?

ಅತ್ತೆ: ಎಲ್ಲದಕ್ಕೂ ಮೂಲ ಕೇಳಬಾರದಮ್ಮ. ಹಿರಿಯರು ಕಾಳಜಿಯಿಂದ ಹೇಳುತ್ತಾರೆ.

ಪುಣೆಯ ಅಕ್ಕ: ಹಾಗಾದರೆ ನಾನೇ ಹೇಳುತ್ತೇನೆ. ಆ 11 ಡಾಲರ್ ಲೆಕ್ಕ, ಅಂದರೆ ಸರಿಪಡಿಸುವ ಖರ್ಚನ್ನು ಉಳಿಯುವ ಜೀವಗಳ ಬೆಲೆಯೊಂದಿಗೆ ತೂಗಿದ ಫೋರ್ಡ್‌ನ ಟಿಪ್ಪಣಿ, 1973ರದ್ದು. ಪಿಂಟೊ ಒಂದರದ್ದಲ್ಲ, 1.25 ಕೋಟಿ ಕಾರು ಮತ್ತು ಲಘು ಟ್ರಕ್‌ಗಳದ್ದು. ಅದೂ ವಾಹನ ಪಲ್ಟಿಯಾದಾಗ ಇಂಧನ ಸೋರುವ ಕುರಿತು. ಪಿಂಟೊಗೆ ಬೆಂಕಿ ಹತ್ತುತ್ತಿದ್ದದ್ದು ಹಿಂದಿನಿಂದ ಗುದ್ದಿದಾಗ.

ದೊಡ್ಡ ಕಾಕಾ: ಜೀವಕ್ಕೆ ಬೆಲೆ ಕಟ್ಟಿದ್ದು ಸುಳ್ಳೇ?

ಪುಣೆಯ ಅಕ್ಕ: ಸುಳ್ಳಲ್ಲ. ಒಂದು ಜೀವಕ್ಕೆ 2 ಲಕ್ಷ ಡಾಲರ್. ಆದರೆ ಆ ಅಂಕಿ ಅಲ್ಲಿನ ಸರ್ಕಾರಿ ಸುರಕ್ಷತಾ ಸಂಸ್ಥೆಯದೇ.

ದೊಡ್ಡ ಕಾಕಾ: ನಾನು ಹೇಳಿದ್ದೂ ಅದೇ.

(ಅವರು ಹೇಳಿದ್ದು ಅದಲ್ಲ. ಬಿಡಿ.)

ಗೋಕಾಕದ ಮಾಮಾ: ಕಾರು ಎಂದರೆ ನಮ್ಮ ಹಳೆಯ ಪ್ರೀಮಿಯರ್ ಪದ್ಮಿನಿ! ಎಂಥ ತಗಡು! ಒಂಬತ್ತು ಜನ ಕುಳಿತು ಗೋಕಾಕ ಫಾಲ್ಸ್‌ಗೆ ಹೋಗಿದ್ದೆವು.

ಪುಣೆಯ ಅಕ್ಕ: ತಗಡು ಮಡಚದಿದ್ದರೆ ಪೆಟ್ಟೆಲ್ಲ ಒಳಗಿದ್ದವರಿಗೆ, ಮಾಮಾ. ಈಗಿನ ಕಾರಿನ ಮುಂಭಾಗವನ್ನು ಬೇಕೆಂದೇ ನಜ್ಜುಗುಜ್ಜಾಗುವಂತೆ ಮಾಡಿರುತ್ತಾರೆ.

ಅತ್ತೆ: ಆ ಒಂಬತ್ತರಲ್ಲಿ ನಾನಿರಲಿಲ್ಲ. ಜಾಗ ಇಲ್ಲ ಎಂದಿದ್ದರು.

ಈ ಹಂತದಲ್ಲಿ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಅಣ್ಣ ಬಾಯಿಬಿಟ್ಟ. ಅವನು ಲೋಹ ಎರಕ ಹೊಯ್ಯುವ ಫೌಂಡ್ರಿಯಲ್ಲಿ ಗುಣಮಟ್ಟ ನೋಡಿಕೊಳ್ಳುವವನು. ಗುಂಪಿನಲ್ಲಿ ವಾಹನದ ಬಿಡಿಭಾಗಗಳನ್ನು ದಿನವೂ ಕೈಯಲ್ಲಿ ಹಿಡಿಯುವವನು ಅವನೊಬ್ಬನೇ.

ಉದ್ಯಮಬಾಗದ ಅಣ್ಣ: ಪ್ರತಿ ವರ್ಷ ಬೆಲೆ ಇಳಿಸಿ ಎಂದು ಗಿರಾಕಿ ಕೇಳುತ್ತಾರೆ, ನಾವೂ ಇಳಿಸುತ್ತೇವೆ. ಅಚ್ಚಿನ ಮರಳನ್ನು ಮತ್ತೆ ಬಳಸುತ್ತೇವೆ. ಅಚ್ಚಿಗೆ ಲೋಹ ಉಣಿಸುವ ದಾರಿಗಳಾದ ರನ್ನರ್, ರೈಸರ್‌ಗೆ ಹೋಗುವ ಕಬ್ಬಿಣ ಕಡಿಮೆ ಮಾಡುತ್ತೇವೆ. ರಿಜೆಕ್ಷನ್ ತಗ್ಗಿದರೆ ಅದೇ ದೊಡ್ಡ ಉಳಿತಾಯ. ಇದರಿಂದ ಯಾರೂ ಸಾಯುವುದಿಲ್ಲ. ತಪಾಸಣೆಯನ್ನೇ ಕೈಬಿಟ್ಟು ಉಳಿಸಿದರೆ ಮಾತ್ರ ಅಪಾಯ. ಎರಕದೊಳಗಿನ ಬ್ಲೋ ಹೋಲ್, ಅಂದರೆ ಗಾಳಿಗುಳ್ಳೆಯ ಟೊಳ್ಳು, ಹೊರಗಿನಿಂದ ಕಾಣದು, ಬ್ರೇಕ್ ಡ್ರಮ್ ಥಳಥಳ ಹೊಳೆಯುತ್ತಿರುತ್ತದೆ. ಜನರಲ್ ಮೋಟರ್ಸ್‌ನ ಇಗ್ನಿಷನ್ ಸ್ವಿಚ್ ನೋಡಿ. ಓಡುವಾಗಲೇ ಕೀಲಿ ಜಾರಿ ಎಂಜಿನ್ ನಿಲ್ಲುತ್ತಿತ್ತು, ಏರ್‌ಬ್ಯಾಗ್ ತೆರೆಯುತ್ತಿರಲಿಲ್ಲ. ಸರಿಪಡಿಸುವ ಬಿಡಿಭಾಗಕ್ಕೆ 57 ಸೆಂಟ್ ಎಂದು 2014ರಲ್ಲಿ ಅಮೆರಿಕದ ಸಂಸತ್ತಿನಲ್ಲೇ ಚರ್ಚೆಯಾಯಿತು. ಪರಿಹಾರ ನಿಧಿ ಒಪ್ಪಿಕೊಂಡ ಸಾವು 124. ಪುಡಿಕಾಸಿನ ಭಾಗ ನೋಡಿ. ದೋಷ ಗೊತ್ತಿದ್ದ ಎಂಜಿನಿಯರುಗಳು ಕಂಪನಿಯೊಳಗೇ ಇದ್ದರು, ಮಾತು ಮುಂದಕ್ಕೆ ಹೋಗಲಿಲ್ಲ.

ದೊಡ್ಡ ಕಾಕಾ: 👍

ಅತ್ತೆ: ಖರ್ಚು ಇಳಿಸುವುದನ್ನು ದೊಡ್ಡಣ್ಣನಿಂದ ಕಲಿಯಬೇಕು. ಮಗಳ ಮದುವೆಯಲ್ಲಿ ಎರಡನೇ ಪಂಕ್ತಿಗೆ ಕುಂದಾ ಇರಲಿಲ್ಲ.

ದೊಡ್ಡ ಕಾಕಾ: ಅದು ಅಡುಗೆಯವನ ತಪ್ಪು.

ಗೋಕಾಕದ ಮಾಮಾ: ಕರದಂಟು ನಾನು ತಂದಿದ್ದೆ. ಅದನ್ನೂ ಬಡಿಸಲಿಲ್ಲ.

ಮುಂದಿನ ಒಂದು ಗಂಟೆ ಕುಂದಾ, ಕರದಂಟು, ಉಗ್ರಾಣದ ಕೀಲಿ ಯಾರ ಬಳಿ ಇತ್ತು ಎಂಬ ವಿಚಾರಣೆ. ಅಣ್ಣನ ಸಂದೇಶವನ್ನು ಪೂರ್ತಿ ಓದಿದವರು ಅಕ್ಕ ಮತ್ತು ತಮ್ಮ ಮಾತ್ರ ಎಂದು ನನ್ನ ಅಂದಾಜು.

ತಮ್ಮ: ನಾನು ನೋಡಿರುವ ಕಾರಿಗೆ ಭಾರತ್ ಎನ್‌ಸಿಎಪಿ ಎಂಬ ಡಿಕ್ಕಿ ಸುರಕ್ಷತಾ ಪರೀಕ್ಷೆಯಲ್ಲಿ ಐದು ನಕ್ಷತ್ರ. ಕೆಳಗಿನ ಮಾಡೆಲ್‌ನಲ್ಲೂ ಆರು ಏರ್‌ಬ್ಯಾಗ್ ಇವೆ. ಸನ್‌ರೂಫ್ ಇಲ್ಲ, ಅಷ್ಟೆ.

ದೊಡ್ಡ ಕಾಕಾ: ಸನ್‌ರೂಫ್ ಇಲ್ಲವೇ? ಅಷ್ಟು ದುಡ್ಡು ಸುರಿದು?