ಕತ್ತಿಮೀನು ಚಾರ್ಟರ್: ಪ್ರಸನ್ನ ಹಾಕಿದ ಪ್ಲಾನ್ ಮೇಲೆ ಗುಂಪಿನ ಚರ್ಚೆ

ಪ್ರಸನ್ನ: ಕತ್ತಿಮೀನು ಹಿಡಿಯೋಕೆ ಪೂರ್ತಿ ದಿನದ ಚಾರ್ಟರ್ (ಬಾಡಿಗೆ ದೋಣಿ) ಪ್ಲಾನ್ ಹಾಕ್ತಿದೀನಿ, ನೋಡಿ. ಮಯಾಮಿಯಿಂದ ಬೆಳಿಗ್ಗೆ 6ಕ್ಕೆ ಹೊರಟು ಸಂಜೆ 4ಕ್ಕೆ ವಾಪಸ್. ಆರು ಜನ. ಆಳ 550 ಮೀಟರ್. ನಾಲ್ಕು ರಾಡ್, ಎಲ್ಲಾ ಕೈಯಲ್ಲಿ ಸುತ್ತೋ ರೀಲ್. ಲೀಡರ್ (ಮೇನ್ ದಾರಕ್ಕೂ ಕೊಕ್ಕೆಗೂ ನಡುವಿನ ಗಟ್ಟಿ ದಾರ) 9 ಮೀಟರ್. ಸೀಸ 2 ಕೆಜಿ. ಹಾರ್ಪೂನ್ (ಹಗ್ಗ ಕಟ್ಟಿದ ಈಟಿ) ಬೇಡ, ಗ್ಯಾಫ್ (ಮೀನನ್ನ ದೋಣಿಗೆ ಎಳೆಯೋ ಕೊಕ್ಕೆಕೋಲು) ಸಾಕು.

ಪ್ರಸನ್ನ: ಎಲ್ಲರೂ ಒಪ್ಪಿದ್ರೆ ಕ್ಯಾಪ್ಟನ್‌ಗೆ ಇದನ್ನೇ ಕಳಿಸ್ತೀನಿ.

ಗಿರೀಶ: ಕಳಿಸ್ಬೇಡ ಮಾರಾಯ. ಆಳ ಒಂದೇ ಸರಿ ಇರೋದು.

ಪ್ರಸನ್ನ: ಐಜಿಎಫ್‌ಎ (ಗಾಳದ ವಿಶ್ವ ದಾಖಲೆ ಇಡೋ ಸಂಸ್ಥೆ) ನಿಯಮದ ಪ್ರಕಾರವೇ ಬರೆದಿರೋದು. ಲೀಡರ್ 30 ಅಡಿ ಮೀರೋ ಹಾಗಿಲ್ಲ. ಮೋಟರ್ ರೀಲ್ ಇಲ್ಲ. ದೋಣಿಗೆ ಬರೋ ಮೊದಲು ಹಾರ್ಪೂನ್ ಹೊಡೆದ್ರೆ ಆ ಮೀನು ದಾಖಲೆಗೆ ಲೆಕ್ಕಕ್ಕೇ ಇಲ್ಲ. ಇದರಲ್ಲಿ ತಪ್ಪೇನಿದೆ?

ಗಿರೀಶ: ನಿಯಮ ಸರಿ. ಆದ್ರೆ ಹಗಲು 550 ಮೀಟರಿಗೆ ಎರೆ ಇಳಿಸೋ ಕೆಲಸಕ್ಕೆ ಅದು ಹೊಂದಲ್ಲ. ಸೀಸದಿಂದ ಶುರು ಮಾಡೋಣ. ಅಲ್ಲಿ ಗಲ್ಫ್ ಸ್ಟ್ರೀಮ್ ಅನ್ನೋ ಸಾಗರ ಪ್ರವಾಹ ಉತ್ತರಕ್ಕೆ 3 ನಾಟ್ ವೇಗದಲ್ಲಿ ಹರಿಯೋದು ಮಾಮೂಲು, ಅಂದ್ರೆ ಸೆಕೆಂಡಿಗೆ ಒಂದೂವರೆ ಮೀಟರ್. 4–5 ಕೆಜಿ ಸೀಸ ತಳ ಮುಟ್ಟೋಕೆ ಆರು ನಿಮಿಷ ಅಂತಿಟ್ಕೊ. ಅಷ್ಟರಲ್ಲಿ ಸುಮ್ನೆ ತೇಲೋ ದೋಣಿ ಅರ್ಧ ಕಿಲೋಮೀಟರ್‌ಗಿಂತ ಜಾಸ್ತಿ ಸರಿದಿರುತ್ತೆ. 2 ಕೆಜಿ ಕಟ್ಟಿದ್ರೆ ದಾರ ಬಿಲ್ಲಿನ ಹಾಗೆ ಬಾಗಿ, ರೀಲಿಂದ 800 ಮೀಟರ್ ಹೋದ್ರೂ ಎರೆ ತಳ ಮುಟ್ಟಲ್ಲ. ಎಷ್ಟು ಆಳದಲ್ಲಿದೆ ಅಂತ ಯಾರಿಗೂ ಗೊತ್ತಾಗಲ್ಲ.

ವಿದ್ಯಾ: ದಾರದ ದಪ್ಪ ಯಾಕೆ ಬರೆದಿಲ್ಲ? ಅದೂ ಅಷ್ಟೇ ಮುಖ್ಯ. 65 ಅಥವಾ 80 ಪೌಂಡ್ ಎಳೆತ ತಡೆಯೋ ಬ್ರೇಡ್ (ಹೆಣೆದ ದಾರ), ಸ್ಪೂಲಿನಲ್ಲಿ 2,500 ಗಜ. ಇದಕ್ಕಿಂತ ದಪ್ಪ ಹಾಕಿದ್ರೆ ಹರಿವು ದಾರವನ್ನೇ ಎಳ್ಕೊಂಡು ಹೋಗುತ್ತೆ. ಮೊನೊ (ಒಂಟಿ ಎಳೆಯ ನೈಲಾನ್ ದಾರ) ಅಂತೂ ಬೇಡವೇ ಬೇಡ. ಅದು ಹಿಗ್ಗೋದ್ರಿಂದ ಅಷ್ಟು ಆಳದ ಕಚ್ಚು ರಾಡಿನ ತುದಿಗೆ ಬರೋದೇ ಇಲ್ಲ.

ಪ್ರಸನ್ನ: ಸರಿ, ಸೀಸ 5 ಕೆಜಿ ಮಾಡ್ತೀನಿ. ಲೀಡರ್ 9 ಮೀಟರ್ ಇದ್ರೆ ಏನಾಗುತ್ತೆ?

ಗಿರೀಶ: ಇಳಿಯುವಾಗ ಎರೆ ಬಂದು ಮೇನ್ ದಾರಕ್ಕೆ ಸುತ್ತಿಕೊಳ್ಳುತ್ತೆ. ಸೀಸ ಜೋರಾಗಿ ಕೆಳಗಿಳಿಯುತ್ತೆ, ಹಗುರವಾದ ಎರೆ ಹಿಂದೆ ಉಳಿದು ಮೇಲಕ್ಕೇಳುತ್ತೆ. ಲೀಡರ್ ಗಿಡ್ಡ ಆದಷ್ಟೂ ಗಂಟು ಖಾತ್ರಿ. ಅದಕ್ಕೇ 30ರಿಂದ 45 ಮೀಟರ್ ಉದ್ದದ ವಿಂಡ್-ಆನ್ (ರೀಲಿಗೇ ಸುತ್ತಿಕೊಳ್ಳೋ) ಲೀಡರ್ ಹಾಕೋದು. ಸೀಸ ತೂಗಿಸೋ ಲೂಪ್ ಅದರ ಮೇಲ್ತುದಿಯಲ್ಲಿರುತ್ತೆ. ಇಳಿಸೋ ಕ್ರಮವೂ ಬೇರೆ. ದೋಣಿ ನಿಧಾನ ಮುಂದೆ ಹೋಗ್ತಿರುವಾಗಲೇ ಮೊದಲು ಎರೆ ನೀರಿಗೆ, ಆಮೇಲೆ ಮೀನನ್ನ ಸೆಳೆಯೋ ದೀಪ, ಅದಾದ್ಮೇಲೆ ಲೀಡರ್ ಪೂರ್ತಿ ಹಿಂದಕ್ಕೆ ನೆಟ್ಟಗೆ ಚಾಚಬೇಕು, ಕೊನೆಗೆ ಸೀಸ. ಸೀಸ ತಳದ ಹತ್ರ ಬಂದಾಗ ದೋಣಿ ತಿರುಗಿಸಿ, ಮೂತಿ ದಕ್ಷಿಣಕ್ಕೆ ಹರಿವಿನ ಎದುರು ಹಿಡಿದು, ದಾರ ನೇರ ಕೆಳಗೆ ನಿಲ್ಲೋವರೆಗೂ ಎಂಜಿನ್ ಕೊಡಬೇಕು. ತಳ ತಟ್ಟಿದ್ದು ಗೊತ್ತಾದ ಕೂಡಲೇ 15–30 ಮೀಟರ್ ಮೇಲೆತ್ತಿ ನಿಲ್ಲಿಸೋದು.

ನಾಗರಾಜಣ್ಣ: ಸೀಸವನ್ನ ತೆಳು ದಾರದಲ್ಲಿ ಕಟ್ಟಬೇಕು ಅನ್ನೋದನ್ನೂ ಸೇರಿಸ್ರಪ್ಪಾ. ತಳದ ಬಂಡೆಗೆ ಸಿಕ್ಕಿದ್ರೆ ಆ ದಾರ ಮಾತ್ರ ಹರಿದು ಸೀಸ ಹೋಗಲಿ. ಗಟ್ಟಿ ದಾರದಲ್ಲಿ ಕಟ್ಟಿದ್ರೆ ಎರೆ, ದೀಪ, ಲೀಡರ್ ಜೊತೆಗೆ ನೂರಾರು ಗಜ ಬ್ರೇಡೂ ಹೋಗುತ್ತೆ. ಅವತ್ತಿಗೆ ಆ ರೀಲ್ ಕೆಲಸಕ್ಕಿಲ್ಲ.

ಪ್ರಸನ್ನ: ಒಪ್ಪಿದೆ ಅಣ್ಣಾ. ಆದ್ರೆ ಮೋಟರ್ ರೀಲ್ ನಾನು ಒಪ್ಪಲ್ಲ. ಬಟನ್ ಒತ್ತಿ ಮೀನು ಎಳೆಯೋದಾದ್ರೆ ಗಾಳ ಯಾಕೆ ಹಾಕ್ಬೇಕು? 1953ರಲ್ಲಿ ಚಿಲಿಯ ಇಕ್ವಿಕೆಯಲ್ಲಿ 1,182 ಪೌಂಡಿನ ಕತ್ತಿಮೀನನ್ನ ಕೈಯಲ್ಲೇ ಸುತ್ತಿ ಹಿಡಿದಿದ್ದು, ಇವತ್ತಿಗೂ ದಾಖಲೆ ಅದೇ.

ಗಿರೀಶ: ಮೋಟರ್ ಬೇಕಿರೋದು ಮೀನಿಗಲ್ಲ, ಖಾಲಿ ಎರೆ ಎತ್ತೋಕೆ. ಹತ್ತು ಗಂಟೆಯಲ್ಲಿ ಹೋಗಿ ಬರೋಕೆ ಎರಡೂವರೆ ಗಂಟೆ ತೆಗೆದಿಡು. ಉಳಿದದ್ದು ಏಳೂವರೆ. 550 ಮೀಟರಿಂದ 5 ಕೆಜಿ ಸೀಸ ಎತ್ತೋಕೆ ಕೈಯಲ್ಲಿ ಆರುನೂರು ಸುತ್ತಿಗೆ ಕಡಿಮೆ ಆಗಲ್ಲ. ಎರಡು ಸಲ ಎತ್ತಿದ್ಮೇಲೆ ಯಾರೂ ಎರೆ ನೋಡೋಣ ಅನ್ನಲ್ಲ. ಸಣ್ಣ ಮೀನು ತಿಂದು ಬರೀ ಕೊಕ್ಕೆ ಉಳಿದಿರೋ ಗಾಳವನ್ನೇ ಗಂಟೆಗಟ್ಟಲೆ ತೇಲಿಸ್ತಾ ಕೂರ್ತಾರೆ. ಪೂರ್ತಿ ದಿನದ ಚಾರ್ಟರ್ ಹಾಳಾಗೋದೇ ಹೀಗೆ. ಮೋಟರ್ ಬಿಚ್ಚಿ ಕೈಯಲ್ಲಿ ಸುತ್ತಬಹುದಾದ ರೀಲ್‌ಗಳಿವೆ, ಅದನ್ನ ಕೇಳು. ಮೀನು ಸಿಕ್ಕಿದಾಗ ಬೇಕಾದ್ರೆ ಕೈಯಲ್ಲಿ ಸುತ್ತು.

ವಿದ್ಯಾ: ರಾಡ್ ನಾಲ್ಕು ಅನ್ನೋದೂ ಆಗಲ್ಲ ಪ್ರಸನ್ನ. ಅರ್ಧ ಕಿಲೋಮೀಟರ್ ದಾರ ಒಂದರ ಮೇಲೊಂದು ಹೆಣೆದುಕೊಂಡ್ರೆ ಬಿಡಿಸೋದಲ್ಲ, ಕತ್ತರಿಸೋದೇ. ಒಂದು ರಾಡ್. ಹರಿವು ಕಡಿಮೆ ಇದ್ದು, ಕ್ಯಾಪ್ಟನ್‌ಗೆ ಧೈರ್ಯ ಇದ್ರೆ ಎರಡನೇದನ್ನ ತೇಲುಗುಂಡಿಗೆ ಕಟ್ಟಿ ದೂರ ಬಿಡಬಹುದು.

ಪ್ರಸನ್ನ: ಆರು ಜನಕ್ಕೆ ಒಂದು ರಾಡಾ?

ವಿದ್ಯಾ: ಹೌದು. ಸರದಿ ಮೊದಲೇ ಬರೆದಿಟ್ಕೊಳ್ಳಿ. ಕಚ್ಚಿದಾಗ ಯಾರ ಸರದಿ ಅಂತ ದೋಣಿ ಮೇಲೆ ಮಾತು ಶುರುವಾದ್ರೆ ಮೀನು ಹೋಯ್ತು ಅಂತಲೇ.

ನಾಗರಾಜಣ್ಣ: ಕಚ್ಚು ಹೇಗಿರುತ್ತೆ ಅಂತ ಬರೋರಿಗೆಲ್ಲಾ ಹೇಳಿರಬೇಕು. ಕತ್ತಿಮೀನು ಮೊದಲು ಕತ್ತಿಯಂಥ ಮೂತಿಯಿಂದ ಹೊಡೆಯುತ್ತೆ, ಆಮೇಲೆ ತಿನ್ನೋಕೆ ಬರುತ್ತೆ. ಮೇಲೆ ಕಾಣೋದು ಇಷ್ಟೇ: ಅಲೆಯ ಲಯದಲ್ಲಿ ಏರಿಳಿಯೋ ರಾಡಿನ ತುದಿ ಒಂದು ಸಲ ಲಯ ತಪ್ಪಿ ತಲೆಯಾಡಿಸುತ್ತೆ. ಆಗ ಎಳೆಯಬಾರದು. ಐದಾರು ಮೀಟರ್ ದಾರ ಬಿಟ್ಟು, ಏಟು ತಿಂದ ಎರೆ ಮುಳುಗ್ತಿದೆ ಅನ್ನೋ ಹಾಗೆ ತೋರಿಸಿ ಕಾಯಬೇಕು. ತುದಿ ಬಾಗಿ ನಿಂತ್ರೆ ಸುತ್ತೋದು. ಜರ್ಕ್ ಕೊಡಬಾರದು, ಬಾಯಿ ಮೆತ್ತಗೆ, ಕೊಕ್ಕೆ ಹರ್ಕೊಂಡು ಬರುತ್ತೆ. ಇದ್ದಕ್ಕಿದ್ದ ಹಾಗೆ ರಾಡ್ ನೆಟ್ಟಗಾಗಿ ದಾರ ಸಡಿಲ ಆದ್ರೆ ಮೀನು ತಪ್ಪಿಸಿಕೊಂಡಿತು ಅಂದ್ಕೊಂಡು ನಿಲ್ಲಿಸಬೇಡಿ. ಬಹಳ ಸಲ ಅದು ಸೀಸ ಹೊತ್ಕೊಂಡೇ ಮೇಲಕ್ಕೆ ಬರ್ತಿರುತ್ತೆ. ಪೂರ್ತಿ ವೇಗದಲ್ಲಿ ಸುತ್ತಿ, ದೋಣಿಯನ್ನೂ ಮುಂದಕ್ಕೆ ಓಡಿಸಬೇಕು.

ಗಿರೀಶ: ಇದಕ್ಕೂ ಮೋಟರ್ ಬೇಕು ನೋಡು.

ಪ್ರಸನ್ನ: ಇದು ಸರಿಯಾದ ಕಾರಣ, ಒಪ್ತೀನಿ.

ವಿದ್ಯಾ: ಎರಡು ಏಟು ತಡ್ಕೊಳ್ಳೋ ಹಾಗೆ ಎರೆ ಹೊಲಿದಿರಬೇಕು. ಬೊನಿಟೊ ಮೀನಿನ ಹೊಟ್ಟೆಭಾಗದ ಪಟ್ಟಿ, 25–30 ಸೆಂ.ಮೀ. ಉದ್ದ, ಬಾಲದ ಕಡೆ ಚೂಪಾಗಿ ಕತ್ತರಿಸಿದ್ದು. ಮಾಂಸವನ್ನ ಅರ್ಧ ಸೆಂ.ಮೀ. ದಪ್ಪಕ್ಕೆ ಇಳಿಸಿ, 10/0 ಅಳತೆಯ ದೊಡ್ಡ ಕೊಕ್ಕೆಯ ಕಣ್ಣನ್ನ ಪಟ್ಟಿಯ ತಲೆಗೆ ಮೇಣದ ದಾರದಿಂದ ಬಿಗಿದು, ಅಂಚುಗಳನ್ನ ಸೇರಿಸಿ ಹೊಲಿಯೋದು. ಕೊಕ್ಕೆ ಸರಿಯಾಗಿ ನಡುಗೆರೆಯಲ್ಲೇ ಹೊರಬರಬೇಕು. ಒಂದು ಪಕ್ಕ ಸರಿದ್ರೂ ಎರೆ ಗಿರಗಿರ ತಿರುಗಿ ಲೀಡರ್ ಮುರಿಗೆ ಬೀಳುತ್ತೆ. ದೋಣಿ ಪಕ್ಕದಲ್ಲಿ ನೀರಲ್ಲಿ ಎಳೆದು ನೋಡಿ, ತಿರುಗಿದ್ರೆ ಬಿಚ್ಚಿ ಮತ್ತೆ ಹೊಲೀರಿ. ಬೊಂಡಾಸ್ (ಸ್ಕ್ವಿಡ್) ಎರೆ ಆದ್ರೆ ತಲೆಯನ್ನ ಮೈಗೆ ಸೇರಿಸಿ ಹೊಲಿಯೋದು ಮರೀಬಾರದು, ಮೊದಲ ಏಟಿಗೇ ಕಿತ್ತು ಬರೋದು ಅದೇ.

ಪ್ರಸನ್ನ: ಹಾರ್ಪೂನ್ ವಿಷಯ?

ಗಿರೀಶ: ತಗೋ. ಸೀಸ ಮೇಲೆ ಬಂದಾಗ ಒಬ್ಬ ಅದನ್ನ ಬಿಚ್ಚಬೇಕು, ಆಗ ದಾರ ಒಂದಿಷ್ಟೂ ಸಡಿಲ ಬಿಡಬಾರದು. ಅಲ್ಲಿಂದ ಲೀಡರ್ ಉದ್ದದಷ್ಟು ದೂರದಲ್ಲಿ ಮೀನು. ದೋಣಿ ಕಂಡ ಕೂಡಲೇ ಮತ್ತೆ ಕೆಳಗೆ ಓಡುತ್ತೆ, ಅದಕ್ಕೇ ಡ್ರ್ಯಾಗ್ (ರೀಲಿನ ಬ್ರೇಕ್) ಬಿಗಿ ಮಾಡಿ ಕೂರಬೇಡ. ಕೊಕ್ಕೆಯ ತೂತು ಅಷ್ಟೊತ್ತಿಗೆ ದೊಡ್ಡದಾಗಿರುತ್ತೆ. ಹಾರ್ಪೂನ್ ಡಾರ್ಟ್ (ಈಟಿಯ ಮೊನೆ) ಹಗ್ಗ ಸಮೇತ ಒಳಗೆ ಕೂತ್ರೆ ಕೊಕ್ಕೆ ಬಿದ್ದರೂ ಮೀನು ಉಳಿಯುತ್ತೆ. ಗ್ಯಾಫ್ ಆಮೇಲೆ.

ವಿದ್ಯಾ: ಆದ್ರೆ ಮೊದಲು ಅಳತೆ ಅಂದಾಜು ಮಾಡಿ. ಕೆಳದವಡೆಯ ತುದಿಯಿಂದ ಬಾಲದ ಕವಲಿಗೆ ನೇರ ಗೆರೆಯಲ್ಲಿ 47 ಇಂಚು ಇರಲೇಬೇಕು, ಕತ್ತಿ ಲೆಕ್ಕಕ್ಕಿಲ್ಲ. ಅನುಮಾನ ಇದ್ರೆ ಹಾರ್ಪೂನೂ ಬೇಡ, ಗ್ಯಾಫೂ ಬೇಡ, ನೀರಲ್ಲೇ ಬಿಟ್ಟುಬಿಡಿ. ಚಾರ್ಟರ್ ದೋಣಿಗೆ ಎಚ್‌ಎಂಎಸ್ (ಕತ್ತಿಮೀನಿನಂಥ ದೂರ ವಲಸೆ ಹೋಗೋ ಮೀನುಗಳ) ಪರ್ಮಿಟ್ ಇದೆಯಾ ಕೇಳು. ದಡಕ್ಕೆ ತಂದ ಮೀನನ್ನ 24 ಗಂಟೆಯೊಳಗೆ ವರದಿ ಮಾಡಬೇಕು. 2001ರಲ್ಲಿ ಫ್ಲಾರಿಡಾದ ಪೂರ್ವ ತೀರದಲ್ಲಿ ಲಾಂಗ್‌ಲೈನ್ (ನೂರಾರು ಕೊಕ್ಕೆಯ ಮೈಲುದ್ದದ ದಾರ) ನಿಲ್ಲಿಸಿದ್ರು. ಈ ಮೀನು ಇವತ್ತು ಗಾಳಕ್ಕೆ ಸಿಗೋ ಮಟ್ಟಕ್ಕೆ ಚೇತರಿಸಿಕೊಂಡಿರೋದು ಇಂಥ ಕಟ್ಟುನಿಟ್ಟಿನಿಂದಲೇ. ಮರಿ ಮೀನಿಗೆ ಡಾರ್ಟ್ ಹೊಡೆಯೋರನ್ನ ನನ್ನ ಕೈಲಿ ಸಹಿಸೋಕಾಗಲ್ಲ.

ನಾಗರಾಜಣ್ಣ: ಮನೆಗೆ ಒಯ್ಯೋರಿಗೆ ಒಂದು ಮಾತು: ಇದರಲ್ಲಿ ಪಾದರಸ ಜಾಸ್ತಿ. ಬಸುರಿಯರು, ಮಕ್ಕಳು ತಿನ್ನೋ ಹಾಗಿಲ್ಲ. ಹಿಡಿದ ಕೂಡಲೇ ಕಿವಿರು ಕುಯ್ದು ರಕ್ತ ಬಸಿದು, ಕರುಳು ತೆಗೆದು, ಹೊಟ್ಟೆಗೆ ಐಸ್ ತುಂಬಿಸಿ.

ಪ್ರಸನ್ನ: ಹಾಗಾದ್ರೆ ಐಜಿಎಫ್‌ಎ ನಿಯಮದಲ್ಲಿ ಹಿಡಿಯೋಕೆ ಆಗೋದೇ ಇಲ್ವಾ?

ಗಿರೀಶ: ಆಗುತ್ತೆ, ರಾತ್ರಿ. ಹಗಲು ಅರ್ಧ ಕಿಲೋಮೀಟರ್ ಕೆಳಗಿರೋ ಮೀನು ಕತ್ತಲಾದ್ಮೇಲೆ ಬೊಂಡಾಸ್ ಹಿಂದೆ ತಾನೇ ಮೇಲೆ ಬರುತ್ತೆ. ಆಗ 30, 60, 90 ಮೀಟರಿಗೆ ಬಲೂನ್ ಕಟ್ಟಿ ತೇಲಿಬಿಟ್ಟರೆ ಸಾಕು. ನಿನ್ನ ಕೈರೀಲ್, 9 ಮೀಟರ್ ಲೀಡರ್, ಮೂರು ನಾಲ್ಕು ರಾಡ್ ಎಲ್ಲಾ ಅಲ್ಲಿ ಸರಿಹೋಗುತ್ತೆ. ನೀನು ಬರೆದಿರೋದು ರಾತ್ರಿ ಪ್ಲಾನು, ಬುಕ್ ಮಾಡ್ತಿರೋದು ಹಗಲು ದೋಣಿ.

ಪ್ರಸನ್ನ: ಸರಿ. ಹಗಲಿಗೇ ಇರಲಿ. ಹೊಸದು: ಒಂದು ರಾಡ್, ಬಿಚ್ಚೋ ಮೋಟರಿನ ರೀಲ್, 65 ಪೌಂಡ್ ಬ್ರೇಡ್, 40 ಮೀಟರ್ ಲೀಡರ್, ಸುಲಭವಾಗಿ ಹರಿದುಹೋಗೋ ತೆಳು ದಾರದಲ್ಲಿ ಕಟ್ಟಿದ 5 ಕೆಜಿಯ ಹತ್ತು ಸೀಸ, ಹಾರ್ಪೂನ್. ಎರೆ 45 ನಿಮಿಷಕ್ಕೊಮ್ಮೆ ಎತ್ತಿ ನೋಡೋದು. ದೀಪ ಎಲ್ಲಿ ಕಟ್ಟೋದು?

ಗಿರೀಶ: ಎರೆಯಿಂದ ನಾಲ್ಕೈದು ಮೀಟರ್ ಮೇಲೆ.

ವಿದ್ಯಾ: ಬೇಡ, ಸೀಸದ ಹತ್ರ. ಕತ್ತಿ ಬೀಸಿದಾಗ ದೀಪಕ್ಕೆ ಸಿಕ್ಕಿಹಾಕಿಕೊಳ್ಳುತ್ತೆ.

ಗಿರೀಶ: ಸೀಸದ ಹತ್ರ ಅಂದ್ರೆ ಎರೆಗೆ 40 ಮೀಟರ್ ದೂರ, ಬೆಳಕು ಅಲ್ಲಿಗೆ ತಲುಪೋದಾದ್ರೂ ಹೇಗೆ?

ನಾಗರಾಜಣ್ಣ: ಎರಡೂ ನಡೆಯುತ್ತೆ. ದೀಪಕ್ಕೆ ಹೊಸ ಬ್ಯಾಟರಿ ಹಾಕ್ಸು ಪ್ರಸನ್ನಾ, ಎಲ್ಲಿ ಕಟ್ಟೋದು ಅಂತ ಕ್ಯಾಪ್ಟನ್ ಹೇಳಲಿ.