ಫಲಿತಾಂಶದ ವಾರಕ್ಕೆ ಹಾಸ್ಟೆಲ್ ವಾರ್ಡನ್‌ಗಳಿಗೆ ಒಂದು ಪುಟದ ಸೂಚನೆ: ಏನೇನು ಬರೀಬೇಕು?

ಹೇಮಾವತಿ_ದಂಡೆ:
ಹಾಸನದ ಒಂದು ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್‌ಗೆ, ಸೆಮಿಸ್ಟರ್ ಫಲಿತಾಂಶ ಬರೋದರೊಳಗೆ, ವಿದ್ಯಾರ್ಥಿಗಳ ಆತ್ಮಹತ್ಯೆ ತಡೆಯೋ ಬಗ್ಗೆ ವಾರ್ಡನ್‌ಗಳಿಗೂ ಮೆಂಟರ್‌ಗಳಿಗೂ ಒಂದು ಪುಟದ ಸೂಚನೆ ಮಾಡ್ತಿದ್ದೀವಿ. ಈಗಿನ ಕರಡಿನಲ್ಲಿ "ವಿದ್ಯಾರ್ಥಿಗಳ ಮೇಲೆ ನಿಗಾ ಇಡಿ, ಧೈರ್ಯ ತುಂಬಿ, ಅಗತ್ಯವಿದ್ದರೆ ಆಪ್ತಸಮಾಲೋಚಕರ ಬಳಿ ಕಳಿಸಿ" ಅಂತಿದೆ. ಇದನ್ನ ಓದಿ ಯಾರೂ ಏನೂ ಮಾಡೋಕಾಗಲ್ಲ. ಹುಡುಗ ಸರಿಯಿಲ್ಲ ಅನ್ನಿಸಿದರೆ ಬಾಯಿಬಿಟ್ಟು ಏನು ಕೇಳಬೇಕು? ರಾತ್ರಿ ಹನ್ನೊಂದಕ್ಕೆ ಹಾಗಾದರೆ ಎಲ್ಲಿಗೆ ಹೋಗಬೇಕು? ಮನೆಯವರಿಗೆ ಹೇಳಬೇಕಾ, ಬೇಡ್ವಾ?

ಪಿಎಸ್‌ಡಬ್ಲ್ಯೂ_ಮಲೆನಾಡು:
ಮನೋವೈದ್ಯಕೀಯ ಸಮಾಜಕಾರ್ಯದ ಕಡೆಯಿಂದ ಹೇಳ್ತೀನಿ. "ಧೈರ್ಯ ತುಂಬಿ" ಅನ್ನೋದನ್ನ ಮೊದಲು ತೆಗೀರಿ. ಧೈರ್ಯ ತುಂಬೋಕೆ ಹೋದವರು ಹತ್ತು ನಿಮಿಷ ತಾವೇ ಮಾತಾಡಿ ಎದ್ದು ಬರ್ತಾರೆ.

ಎಲ್ಲರೂ ಕೇಳೋ ತಪ್ಪು ಪ್ರಶ್ನೆ: "ಹಂಗೇನೂ ಯೋಚನೆ ಮಾಡ್ತಿಲ್ಲ ತಾನೆ?" ಇದರಲ್ಲೇ ಉತ್ತರ ಇದೆ. "ಇಲ್ಲ ಸಾರ್" ಅಂದು ಹೋಗ್ತಾನೆ. ಸ್ಟಾಫ್ ರೂಮಿನಲ್ಲಿ ನಾಲ್ಕು ಜನರ ಮುಂದೆ ಬೇಡ, ಬಾಗಿಲು ಮುಂದಕ್ಕೆಳೆದು, ಪಕ್ಕದಲ್ಲಿ ಕೂತು, ಕಂಡದ್ದನ್ನ ಹೇಳಿ ಶುರುಮಾಡಿ: "ಒಂದು ವಾರದಿಂದ ಮೆಸ್‌ಗೆ ಬಂದಿಲ್ಲ, ರಾತ್ರಿಯೆಲ್ಲ ಲೈಟ್ ಉರೀತಿದೆ. ಏನಾಗಿದೆ?" ಆಮೇಲೆ ಸುಮ್ಮನಿರಿ. ಆ ಮೌನ ಅರ್ಧ ನಿಮಿಷ ಎಳೆದರೂ ನೀವಾಗಿ ತುಂಬಬೇಡಿ. "ಸಾಕಾಗೋಗಿದೆ ಸಾರ್", "ನಾನಿಲ್ಲದಿದ್ರೆ ಅಪ್ಪನಿಗೆ ಖರ್ಚಾದ್ರೂ ಉಳೀತಿತ್ತು" ಅನ್ನೋ ಥರದ ಮಾತು ಬಂದರೆ ನೇರವಾಗಿ ಕೇಳಿ: "ಸಾಯಬೇಕು ಅನ್ನೋ ಯೋಚನೆ ಬಂದಿದೆಯಾ?" ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂಗಾಗುತ್ತೆ ಅನ್ನೋದು ತಪ್ಪು ನಂಬಿಕೆ. ಕೇಳಿದವರು ಸಿಕ್ಕರಲ್ಲ ಅಂತ ಹಗುರಾಗೋರೇ ಹೆಚ್ಚು.

ಹೌದು ಅಂದರೆ ಇನ್ನು ಮೂರು ಪ್ರಶ್ನೆ. ಹೇಗೆ ಅಂತ ಯೋಚಿಸಿದ್ದೀಯಾ? ಅದಕ್ಕೆ ಬೇಕಾದ್ದು ಕೈಯಲ್ಲಿದೆಯಾ? ಹಿಂದೆ ಯಾವತ್ತಾದರೂ ಪ್ರಯತ್ನ ಆಗಿತ್ತಾ? ಯಾವುದಕ್ಕಾದರೂ ಹೌದು ಅಂದರೆ ಅವತ್ತೇ ವೈದ್ಯರ ಹತ್ತಿರ. ಅಲ್ಲೀವರೆಗೂ ಒಬ್ಬನೇ ಇರಕೂಡದು. ಬರೀ ಯೋಚನೆ, ಯೋಜನೆಯಿಲ್ಲ ಅಂದರೂ ಮಾರನೇ ದಿನದೊಳಗೆ ಸಮಾಲೋಚಕರ ಭೇಟಿ ಆಗಿರಬೇಕು.

"ಯಾರಿಗೂ ಹೇಳಲ್ಲ" ಅಂತ ಮಾತ್ರ ಮಾತು ಕೊಡಬೇಡಿ, ಮುರಿಯಲೇಬೇಕಾಗುತ್ತೆ. "ನಿನ್ನ ಜೀವಕ್ಕೆ ಬೇಕಾದಷ್ಟು ಜನಕ್ಕೆ ಮಾತ್ರ ಹೇಳ್ತೀನಿ, ಯಾರಿಗೆ ಅಂತ ನಿನಗೆ ಮೊದಲು ಹೇಳ್ತೀನಿ" ಅನ್ನಿ.

ರಾತ್ರಿಪಾಳಿ:
ರಾತ್ರಿ ಹನ್ನೊಂದರ ವಿಷಯ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ವಾರ್ಡನ್ ಕೂಡ ಫೋನ್ ಮಾಡಿ "ಎದುರಿಗಿರೋ ಹುಡುಗ ಹೀಗಂತಿದ್ದಾನೆ, ಏನು ಮಾಡಲಿ" ಅಂತ ಕೇಳಬಹುದು. ಇದು ಬಹಳ ಜನಕ್ಕೆ ಗೊತ್ತಿಲ್ಲ.

ನಂಬರ್ ಬರೆದ ಚೀಟಿ ಕೈಗಿಟ್ಟು ರೂಮಿಗೆ ಕಳಿಸೋದು ದೊಡ್ಡ ತಪ್ಪು. ಆ ಹೊತ್ತಿನಲ್ಲಿ ಅವನಾಗಿ ಡಯಲ್ ಮಾಡೋದು ಕಷ್ಟ. ನಿಮ್ಮ ಫೋನಿಂದ, ಸ್ಪೀಕರ್ ಹಾಕಿ ಮಾಡಿ. ಅಪಾಯ ಕಂಡರೆ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಹಿಮ್ಸ್‌ಗೆ ಸೇರಿದ ಶ್ರೀ ಚಾಮರಾಜೇಂದ್ರ ಆಸ್ಪತ್ರೆಯ ತುರ್ತು ವಿಭಾಗ, ಚಿಕ್ಕಮಗಳೂರಾದರೆ ಜಿಲ್ಲಾಸ್ಪತ್ರೆ. ಏನಾದರೂ ಸೇವಿಸಿದ್ದಾನೆ ಅನ್ನೋ ಅನುಮಾನ ಬಂದರೂ ಸಾಕು, 108. ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋಕೆ ಹೋಗಬೇಡಿ. ಡಬ್ಬಿಯೋ ಮಾತ್ರೆ ಪಟ್ಟಿಯೋ ಸಿಕ್ಕರೆ ಜೊತೆಗೆ ಒಯ್ಯಿರಿ. ಇಬ್ಬರು ರೂಮ್‌ಮೇಟ್‌ಗಳ ಜೊತೆ ಆಟೋ ಹತ್ತಿಸಿ ಕೈತೊಳ್ಕೊಳ್ಳೋದು ಬೇಡ. ಸಿಬ್ಬಂದಿ ಒಬ್ಬರು ಹೋಗಲೇಬೇಕು.

ಇನ್ನು ಪೊಲೀಸ್ ಕೇಸ್ ಭಯ. ಯೋಚನೆ ಬಂದಿದೆ ಅಂತ ಹೇಳಿಕೊಂಡವನಿಗೆ ಕೇಸಿನ ಪ್ರಶ್ನೆಯೇ ಇಲ್ಲ. ಪ್ರಯತ್ನ ಆಗಿದ್ದರೂ, ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 115ನೇ ಸೆಕ್ಷನ್ ಪ್ರಕಾರ ಅವನು ತೀವ್ರ ಒತ್ತಡದಲ್ಲಿದ್ದ ಅಂತಲೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಆತ್ಮಹತ್ಯೆ ಪ್ರಯತ್ನಕ್ಕೆ ಶಿಕ್ಷೆ ಹೇಳ್ತಿದ್ದ ಐಪಿಸಿಯ ಹಳೇ 309ನೇ ಸೆಕ್ಷನ್ 2024ರ ಜುಲೈನಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಆಸ್ಪತ್ರೆ ಎಂಎಲ್‌ಸಿ (ಪೊಲೀಸರಿಗೆ ತಿಳಿಸೋ ಮೆಡಿಕೋ-ಲೀಗಲ್ ದಾಖಲೆ) ಬರೆದುಕೊಂಡರೆ ಗಾಬರಿಯಾಗಬೇಡಿ.

ಸಕ್ಲೇಶಪುರ_ಘಾಟಿ:
ಮನೆಯವರ ವಿಷಯ. ಅಪಾಯ ಇದ್ದರೆ ಹೇಳಲೇಬೇಕು, ಆದರೆ ಹುಡುಗನ ಎದುರಿಗೇ. ಮನೆಯಲ್ಲಿ ಯಾರಿಗೆ ಹೇಳಿದರೆ ಒಳ್ಳೇದು ಅಂತ ಅವನನ್ನೇ ಕೇಳಿ. ಎಷ್ಟೋ ಸಲ ಅಪ್ಪನಿಗಿಂತ ಸೋದರಮಾವನೋ ಅಕ್ಕನೋ ವಾಸಿ. ಹೊಡೆತ, ಬೈಗುಳವೇ ಕಾರಣವಾಗಿದ್ದರೆ ಆ ವ್ಯಕ್ತಿಗೆ ಫೋನ್ ಮಾಡಬಾರದು.

ಕಾಲೇಜುಗಳು ಸಾಮಾನ್ಯವಾಗಿ ಎಡವೋದು ಇಲ್ಲಿ: "ಹದಿನೈದು ದಿನ ಮನೇಲಿರಲಿ" ಅಂತ ಬಸ್ಸು ಹತ್ತಿಸಿಬಿಡ್ತಾರೆ. ಸಕಲೇಶಪುರ, ಮೂಡಿಗೆರೆ ಕಡೆ ತೋಟದ ಮನೆಗಳಲ್ಲಿ ಸಿಂಪಡಣೆ ಔಷಧಿ ಜಗಲಿ ಮೂಲೆಯಲ್ಲೋ ಗೊಬ್ಬರದ ಕೋಣೆಯಲ್ಲೋ ತೆರೆದೇ ಇರುತ್ತೆ. ಕರ್ಕೊಂಡು ಹೋಗೋಕೆ ಬಂದವರಿಗೆ ಮುಚ್ಚುಮರೆಯಿಲ್ಲದೆ ಹೇಳಿ: ಇವತ್ತೇ ಬೀಗ ಹಾಕಿ, ಬೀಗದ ಕೈ ನಿಮ್ಮ ಸೊಂಟದಲ್ಲಿರಲಿ, ಇಲ್ಲಾಂದ್ರೆ ಮನೆಯಿಂದಾಚೆ ಸಾಗಿಸಿ. ಮಾತ್ರೆಗಳೂ ಅಷ್ಟೆ, ವಾರಕ್ಕಾಗುವಷ್ಟೇ ತಂದು ಮನೆಯವರೇ ಕೊಡಲಿ. ಖಿನ್ನತೆಯ ಮಾತ್ರೆ ಪರಿಣಾಮ ತೋರಿಸೋಕೆ ಎರಡರಿಂದ ನಾಲ್ಕು ವಾರ ಬೇಕು, ಇನ್ನೂ ಹೆಚ್ಚೂ ಆಗಬಹುದು. ಹತ್ತು ದಿನಕ್ಕೆ "ಏನೂ ಪ್ರಯೋಜನ ಇಲ್ಲ" ಅಂತ ಬಿಡಿಸೋರು ಬಹಳ. ಅದೂ 25ರೊಳಗಿನ ವಯಸ್ಸಿನವರಲ್ಲಿ ಮೊದಲ ವಾರಗಳಲ್ಲಿ ಚಡಪಡಿಕೆ, ಸಾಯೋ ಯೋಚನೆಗಳು ಹೆಚ್ಚಾಗೋದುಂಟು, ಹಾಗಾದರೆ ವೈದ್ಯರಿಗೆ ತಕ್ಷಣ ತಿಳಿಸಬೇಕು.

ಆಸ್ಪತ್ರೆಯಿಂದ ಬಂದ ಮೊದಲ ವಾರ ಎಲ್ಲಕ್ಕಿಂತ ನಾಜೂಕು. ಮೆಂಟರ್ ಎರಡು ದಿನದೊಳಗೆ ಒಂದು ಸಲ, ವಾರದೊಳಗೆ ಇನ್ನೊಂದು ಸಲ ಫೋನ್ ಮಾಡಲಿ. ಅಟೆಂಡೆನ್ಸ್ ಶಾರ್ಟೇಜ್ ಮಾತು ಆ ಫೋನಿನಲ್ಲಿ ಬೇಡ.

ಹೇಮಾವತಿ_ದಂಡೆ:
ಎಲ್ಲರಿಗೂ ಧನ್ಯವಾದ. "ಕಳಿಸಿ" ಅಂತ ಇದ್ದಲ್ಲೆಲ್ಲ "ಕರೆದುಕೊಂಡು ಹೋಗಿ" ಅಂತ ತಿದ್ದಿದ್ದೀನಿ. ಸಮಾಲೋಚಕರು ಈಗ ವಾರಕ್ಕೊಂದು ದಿನ ಬರ್ತಾರೆ. ಅಷ್ಟು ಸಾಕಾ?

ಪಿಎಸ್‌ಡಬ್ಲ್ಯೂ_ಮಲೆನಾಡು:
2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನ ಆಡಳಿತ ಮಂಡಳಿಗೆ ತೋರಿಸಿ: 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗೆ ಅರ್ಹ ಸಮಾಲೋಚಕರು ಇರಲೇಬೇಕು, ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲ ತರಬೇತಿ, ಸಹಾಯವಾಣಿ ನಂಬರ್ ಹಾಸ್ಟೆಲ್, ತರಗತಿಗಳಲ್ಲಿ ಕಾಣುವ ಹಾಗೆ. ಅಂದಹಾಗೆ ಸಮಾಲೋಚಕರ ಕೊಠಡಿ ಪ್ರಿನ್ಸಿಪಾಲರ ಛೇಂಬರ್ ಎದುರಿಗಿದ್ದರೆ ಲೈಬ್ರರಿ ಕಡೆಗೆ ಬದಲಾಯಿಸಿ. ಎದುರಿಗಿಟ್ಟು, ಯಾರೂ ಬರ್ತಿಲ್ಲ ಅಂತ ಗೊಣಗೋರನ್ನ ಏನನ್ನೋಣ!

ರಾತ್ರಿಪಾಳಿ:
ಭಾನುವಾರ ವಾರ್ಡನ್ ಊರಿಗೆ ಹೋಗಿರ್ತಾರೆ. ಪುಟದ ಮೇಲ್ತುದಿಯಲ್ಲಿ ಒಂದಲ್ಲ, ಎರಡು ಹೆಸರು, ಎರಡು ಮೊಬೈಲ್ ನಂಬರ್, ಆಮೇಲೆ 14416, 108. ಹಾಕೋ ಮುಂಚೆ ಎರಡೂ ಮೊಬೈಲ್ ನಂಬರಿಗೆ ಒಂದು ಸಲ ರಾತ್ರಿ ಫೋನ್ ಮಾಡಿ ನೋಡಿ, ಎತ್ತುತ್ತಾರಾ ಅಂತ.