ಸಹಾಯ ಬೇಕು: ಹಕೋನೆಯ ರ್ಯೋಕಾನ್‌ನಲ್ಲಿ ಖಾಸಗಿ ಸ್ನಾನದ ಕೊಳ

ಏಪ್ರಿಲ್‌ನಲ್ಲಿ ಅತ್ತೆ ಮಾವನವರೊಂದಿಗೆ ಜಪಾನಿಗೆ ಹೋಗುವವರಿದ್ದು, ಒಂದು ರಾತ್ರಿ ಹಕೋನೆಯ ಬಿಸಿನೀರಿನ ಬುಗ್ಗೆಯಿರುವ, ಸಾಂಪ್ರದಾಯಿಕ ಜಪಾನಿ ವಸತಿಗೃಹವಾದ ರ್ಯೋಕಾನ್‌ನಲ್ಲಿ ತಂಗಬೇಕೆಂದಿದ್ದೇವೆ. ಸಾಮೂಹಿಕ ಕೊಳಗಳು ಗಂಡಸರಿಗೂ ಹೆಂಗಸರಿಗೂ ಪ್ರತ್ಯೇಕವಾಗಿದ್ದರೂ, ಬಟ್ಟೆಯಿಲ್ಲದೆಯೇ ಇಳಿಯಬೇಕಾದ್ದರಿಂದ ಅತ್ತೆಯವರು ಸುತರಾಂ ಒಪ್ಪುತ್ತಿಲ್ಲ (ನನಗೂ ಸಂಕೋಚವೇ). ಸ್ವಂತ ಕೊಳವಿರುವ ಕೋಣೆಗಳ ಬಾಡಿಗೆ ನಮ್ಮ ಕೈಗೆಟುಕುವಂತಿಲ್ಲ. ಉಳಿದಿರುವುದು, ಸುಮಾರು 45 ನಿಮಿಷಗಳ ಕಾಲ ಒಂದೇ ಕುಟುಂಬಕ್ಕೆ ಬಿಟ್ಟುಕೊಡುವ ಕಶಿಕಿರಿ ಕೊಳವೊಂದೇ. ಆದರೆ ನಾವು ಮೆಚ್ಚಿದ ಕಡೆ ಅದನ್ನು ಮಧ್ಯಾಹ್ನ 3 ಗಂಟೆಗೆ ಚೆಕ್‌ಇನ್ ಆದ ಬಳಿಕವೇ, ಮೊದಲು ಬಂದವರಿಗೆ ಮೊದಲ ಆದ್ಯತೆಯಂತೆ, ಕಾಯ್ದಿರಿಸಬೇಕಂತೆ. ಮುಂಚಿತವಾಗಿ ಕೊಡಲಾದೀತೇ ಎಂದು ಇಮೇಲ್ ಬರೆದು ಕೇಳಿದರೂ ಅದೇ ಉತ್ತರ ಬಂದಿದೆ. ಸಂಜೆ ರೈಲು ಇಳಿದು ನಾವು ಅಲ್ಲಿಗೆ ತಲುಪುವಷ್ಟರಲ್ಲಿ 5 ಗಂಟೆ ದಾಟಿರುತ್ತದೆ. ಅಷ್ಟು ತಡವಾಗಿ ಹೋದವರಿಗೆ ರಾತ್ರಿ ಊಟದ ನಂತರವೋ ಮರುದಿನ ಬೆಳಿಗ್ಗೆಯೋ ಕೊಳ ಸಿಗುತ್ತದೆಯೇ, ಅಥವಾ ಮುಂಗಡವಾಗಿಯೇ ಸಮಯ ಕೊಡುವ ಬೇರೆ ರ್ಯೋಕಾನ್ ಹುಡುಕುವುದು ಒಳಿತೇ? ಅಲ್ಲಿ ತಂಗಿದವರು ದಯವಿಟ್ಟು ತಿಳಿಸಿ.